ಸೂರಮ್ಮನ ದೊರೆಸಾನಿ ಕಾಲು

"ಅವ್ವಾ, ಸೂರಮ್ಮಜ್ಜಿಯ ದೊರೆಸಾನಿಗೆ ಮಾತ್ರ ಜ್ವರ ಬರೋದ್ಯಾಕೆ? ಕೂಲಿಯವಳಿಗೆ ಯಾಕೆ ಬರಲ್ಲ?"

ಪೂರ್ಣಿ ಇದನ್ನು ಕೇಳಿದಾಗ ಬಸವಲಿಂಗಮ್ಮ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಐದು ವರ್ಷದ ಮಗಳ ಪ್ರಶ್ನೆಗಳಿಗೆಲ್ಲ ಅವಳು ರೊಟ್ಟಿ ಮಗುಚುವಷ್ಟರಲ್ಲಿ ಉತ್ತರ ಹೇಳಿ ಮುಗಿಸುವುದು ರೂಢಿ. ಆಡಿಗೆ ಗಡ್ಡ ಯಾಕೆ, ಚಂದಮಾಮ ನಮ್ಮ ಜೊತೆ ಯಾಕೆ ನಡೀತಾನೆ, ಇಂಥವು. ಈ ಪ್ರಶ್ನೆಗೆ ಮಾತ್ರ ಕೈ ನಿಂತುಬಿಟ್ಟಿತು. ಹೆಂಚಿನ ಮೇಲಿದ್ದ ರೊಟ್ಟಿ ಒಂದು ಮಗ್ಗುಲು ಸೀದುಹೋಯಿತು.

"ಗೊತ್ತಿಲ್ಲ ಕಣೇ," ಅಂದಳು. ಮಗಳಿಗೆ ಅವಳು ಹಾಗೆ ಹೇಳಿದ್ದು ಅಪರೂಪ.

ದೊರೆಸಾನಿ, ಕೂಲಿಯವಳು ಎಂದರೆ ಸೂರಮ್ಮನ ಎರಡು ಕಾಲುಗಳು. ಹೆಸರಿಟ್ಟವಳು ಸೂರಮ್ಮನೇ. ಬಲಗಾಲು ಎಲ್ಲರ ಕಾಲಿನಂತೆ ತೆಳ್ಳಗೆ, ಕಪ್ಪಗೆ, ಹಿಮ್ಮಡಿ ಒಡೆದು ಇತ್ತು. ಎಡಗಾಲು ಮೊಣಕಾಲಿನಿಂದ ಕೆಳಗೆ ಒನಕೆ ಹೋಗಿ ಒರಳಾಗಿತ್ತು. ಬೆರಳುಗಳು ದಪ್ಪಗೆ ಊದಿ, ಬುಟ್ಟಿಯೊಳಗೆ ಒತ್ತಿ ತುಂಬಿದ ಬದನೆಕಾಯಿಯ ಹಾಗೆ ಒಂದರ ಮೈಮೇಲೆ ಒಂದು ಬಿದ್ದುಕೊಂಡಿದ್ದವು. "ಇದು ದೊರೆಸಾನಿ ಕಣ್ರೀ. ಕೆಲಸ ಮಾಡಲ್ಲ, ದಿಂಬಿನ ಮ್ಯಾಲೆ ಕೂರಿಸು ಅಂತೈತೆ. ಇದು ಕೂಲಿಯವಳು. ದೊರೆಸಾನೀನ ಹೊತ್ಕೊಂಡು ತಿರುಗ್ತೈತೆ," ಎಂದು ತನ್ನ ಕಾಲುಗಳನ್ನು ಅವಳು ಹೊಸಬರಿಗೆ ಪರಿಚಯ ಮಾಡಿಕೊಡುತ್ತಿದ್ದಳು. ಬೇರೆಯವರು ನಗುವ ಮುಂಚೆ ತಾನು ನಕ್ಕುಬಿಟ್ಟರೆ ಅವರಿಗೆ ನಗಲು ಏನೂ ಉಳಿಯುವುದಿಲ್ಲ ಎನ್ನುವುದು ಅವಳ ಲೆಕ್ಕ.

ಚಳ್ಳಕೆರೆಯಲ್ಲಿ ಮೇಷ್ಟರು ಮುರುಗೇಂದ್ರಪ್ಪನವರ ಮನೆಯ ಹಿತ್ತಲಿಗೆ ತಾಗಿಕೊಂಡೇ ಕಂಬಳಿ ನೇಯುವವರ ಬಯಲು. ಮೇಷ್ಟರ ಹೆಂಡತಿ ಬಸವಲಿಂಗಮ್ಮ ಬೇಲಿಯ ಈಚೆ ಮಗುವಿಗೆ ತಲೆ ಬಾಚುತ್ತಲೋ ಬೇಳೆ ಆರಿಸುತ್ತಲೋ ಬೇಲಿಯ ಆಚೆಯದನ್ನೆಲ್ಲ ನೋಡುತ್ತಿದ್ದಳು. ಗೂಟಗಳ ನಡುವೆ ಕರಿ ಉಣ್ಣೆಯ ಹಾಸನ್ನು, ಮಗ್ಗಕ್ಕೇರಿಸುವ ಉದ್ದೆಳೆಗಳನ್ನು, ಎಳೆದು ಕಟ್ಟುತ್ತಿದ್ದರು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಅರೆದು ಕುದಿಸಿದ ಗಂಜಿಯನ್ನು ಆ ನೂಲಿಗೆ ಕುಂಚದಿಂದ ಬಳಿಯಬೇಕು. ಗಂಜಿ ಹೆಚ್ಚಾದರೆ ಕಂಬಳಿ ಹಲಗೆಯಾಗುತ್ತದೆ, ಕಡಿಮೆಯಾದರೆ ಎಳೆ ಮಗ್ಗದಲ್ಲಿ ತುಂಡಾಗುತ್ತದೆ. ಆ ಕುಂಚ ಸೂರಮ್ಮನ ಕೈಯಲ್ಲಿತ್ತು. ಮೊಳಕಾಲ್ಮೂರಿನ ಕಡೆ ದೇವಸಮುದ್ರದಿಂದ ಸೊಸೆಯಾಗಿ ಬಂದವಳು ಅತ್ತೆಯಿಂದ ಅದನ್ನು ಪಡೆದಿದ್ದಳು. ಗಂಡ ಬೊಮ್ಮಣ್ಣ ತೀರಿಕೊಂಡ ಮೇಲೂ, ಹೆತ್ತ ಮಕ್ಕಳು ಒಂದೂ ಉಳಿಯದೆ ಹೋದ ಮೇಲೂ, ಕುಂಚ ಉಳಿದಿತ್ತು. ಆ ಬಯಲಿನಲ್ಲಿ ಅವಳು ಯಾರು ಎಂದು ಕೇಳಿದರೆ ಹೇಳಲು ಇದ್ದದ್ದು ಅದೊಂದೇ.

ಕಾಲು ಊದಿದ್ದು ಕೊನೆಯ ಬಾಣಂತಿತನದಲ್ಲಿ. ಬಾಣಂತಿ ನಂಜು, ಇಳೀತೈತೆ ಅಂದರು. ಇಳಿಯಲಿಲ್ಲ. ಮಗು ಹೋಯಿತು, ಬಾವು ನಿಂತಿತು. ಆಮೇಲೆ ಯಾವಾಗಲೋ ಜ್ವರ ಬರಲು ಶುರುವಾಯಿತು. ಮೊದಲು ಹಲ್ಲು ಕಟಕಟ ಎನ್ನುವ ಚಳಿ. ನೋಡನೋಡುತ್ತ ಆ ಕಾಲು ಕೆಂಪಗೆ ಕಾದು, ಕೆಂಪು ಪಾದದಿಂದ ಮೇಲಕ್ಕೆ ಹತ್ತಿ, ತೊಡೆಸಂದಿಯಲ್ಲಿ ನಿಂಬೆಕಾಯಿಯಂಥ ಗಡ್ಡೆ ಏಳುತ್ತಿತ್ತು.

ತೊಡೆಸಂದಿಯ ಗಡ್ಡೆ ಎಂದರೆ ಆ ಕಾಲದಲ್ಲಿ ಯಾರಿಗಾದರೂ ಎದೆ ಝಲ್ಲೆನ್ನುತ್ತಿತ್ತು. ಪ್ಲೇಗು ಬಂದು ಹೋಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಇಲಿ ಸತ್ತಿತೆಂದರೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಹೋಗಿಬಿಡುತ್ತಿತ್ತು. ಕಂಬಳಿ ಬಯಲಿನ ಯಜಮಾನ ಕೆಂಚಣ್ಣ, ಸೂರಮ್ಮನ ಗಂಡನ ಅಣ್ಣ, ಅಂಥ ಒಂದು ಗುಡಿಸಲ ಬಳಿ ತನ್ನ ಇಬ್ಬರು ಮಕ್ಕಳನ್ನು ಮಣ್ಣು ಮಾಡಿ ಬಂದವನು. ಕಳೆದ ಸಲ ಸೂರಮ್ಮನಿಗೆ ಗಡ್ಡೆ ಎದ್ದಾಗ ಬಯಲಿನ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ದೂರ ಸರಿದಿದ್ದರು. ಅವಳು ಹೇಗೋ ಎದ್ದು ಕೂತ ಮೇಲೆ ಕೆಂಚಣ್ಣ ಕಟ್ಟುನಿಟ್ಟಾಗಿ ಹೇಳಿದ್ದ: "ಇನ್ನೊಂದು ಸಲ ಈ ಜ್ವರ ಬಂದ್ರೆ ನೀನು ಹೊಲದ ಗುಡಿಸ್ಲಿಗೆ ಹೋಗಮ್ಮ. ರೊಟ್ಟಿ ಕಳಿಸ್ತೀನಿ. ಕುಂಚ ಮಾತ್ರ ಕರಿಯಕ್ಕಂಗೆ." ಕರಿಯಕ್ಕ ಗಂಜಿಯ ಮಡಕೆ ಹಿಡಿದು ಸೂರಮ್ಮನ ಜೊತೆ ಓಡಾಡುವವಳು.

ಮಗಳ ಪ್ರಶ್ನೆ ಬಂದದ್ದು ಇದಾದ ಮೇಲೆ. ಬಸವಲಿಂಗಮ್ಮನ ತಲೆಯಲ್ಲಿ ಅದು ಜೋಳದ ಸುಂಕಿನಂತೆ ಕೂತು ಕಚ್ಚತೊಡಗಿತು. ಒಂದೇ ಮೈ, ಒಂದೇ ರಕ್ತ, ಎರಡೂ ಕಾಲು ಒಂದೇ ನೆಲ ತುಳಿಯುತ್ತವೆ. ಒಂದಕ್ಕೆ ಮಾತ್ರ ಯಾಕೆ? ಗಂಡನನ್ನು ಕೇಳಿದಳು. "ಊದಿದ ಕಾಲಿಗೆ ತಾನೇ ಬರಬೇಕು," ಅಂದರು ಮೇಷ್ಟರು, ಎಲೆಗೆ ಸುಣ್ಣ ಹಚ್ಚುತ್ತ. ಊದಿದ ಕಾಲು ವರ್ಷವಿಡೀ ಊದಿಯೇ ಇರುತ್ತದಲ್ಲ, ಜ್ವರ ಯಾಕೆ ಬಂದು ಹೋಗಿ ಮಾಡುತ್ತದೆ ಎಂದು ಕೇಳಿದ್ದಕ್ಕೆ ಅವರು ಎಲೆ ಬಾಯಿಗೆ ಹಾಕಿಕೊಂಡರು.

ಅವಳಿಗೆ ಇನ್ನೊಂದು ವಿಷಯವೂ ಅರ್ಥವಾಗಿರಲಿಲ್ಲ. ಸೂರಮ್ಮ ಎಲ್ಲಿಗೇ ಬರಲಿ, ಕೂರುವ ಮುಂಚೆ ಒಂದು ಎಳೆ ಉಣ್ಣೆಯನ್ನು ಗಾಳಿಗೆ ಬಿಟ್ಟು ಅದು ಯಾವ ಕಡೆ ಹಾರುತ್ತದೆಂದು ನೋಡಿ, ಆಮೇಲೆ ಜಾಗ ಆರಿಸುತ್ತಿದ್ದಳು. ಗಂಜಿ ಒಣಗಲು ಗಾಳಿ ನೋಡುವ ಅಭ್ಯಾಸ ಇರಬೇಕು ಎಂದುಕೊಂಡಿದ್ದಳು ಬಸವಲಿಂಗಮ್ಮ.

ಮಾಗಿಯ ಒಂದು ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಸೂರಮ್ಮ ಕೊಟ್ಟಿಗೆಯ ಗೋಡೆಗೆ ಒರಗಿ ನಡುಗುತ್ತ ಕೂತಿದ್ದಳು. ಮುಖ ಕೆಂಡ.

"ಮೇಷ್ಟ್ರಮ್ಮ, ಒಂದಿಷ್ಟು ಹೊತ್ತು ಇಲ್ಲಿ ಇರ್ತೀನಿ. ನಮ್ಮ ಭಾವಂಗೆ ಹೇಳ್ಬ್ಯಾಡ್ರಿ. ಚಳಿ ಬಿಟ್ಟ ಮ್ಯಾಲೆ ಹೋಗ್ತೀನಿ."

"ಗಡ್ಡೆ ಎದ್ದೈತಾ?"

ಸೂರಮ್ಮ ಬೇರೆ ಕಡೆ ನೋಡಿದಳು.

ಬಸವಲಿಂಗಮ್ಮ ಮೊದಲು ಮಾಡಿದ ಕೆಲಸ ಪೂರ್ಣಿಯನ್ನು ಒಳಗೆ ಕೂಡಿ ಚಿಲಕ ಹಾಕಿದ್ದು. ಕರುಣೆ ಎಷ್ಟೇ ಇರಲಿ, ಅವಳೂ ತಾಯಿ. ಎರಡನೆಯ ಕೆಲಸ, ಮೇಷ್ಟರನ್ನು ಔಷಧಾಲಯಕ್ಕೆ ಅಟ್ಟಿದ್ದು. ಮೂರನೆಯದು, ಸೂರಮ್ಮನನ್ನು ಕೊಟ್ಟಿಗೆಯ ಒಣಹುಲ್ಲಿನ ಮೇಲೆ ಮಲಗಿಸಿದ್ದು. ಸೀರೆ ಸರಿದಾಗ ಕಂಡಿತು: ಮೊಣಕಾಲಿನ ಮೇಲೆ ಕರಿ ಉಣ್ಣೆಯ ಹುರಿ. ಮಾಂಸದೊಳಗೆ ಹೂತುಹೋಗುವಷ್ಟು ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು.

"ಇದ್ಯಾರು ಕಟ್ಟಿದ್ದು?"

"ಕರಿಯಕ್ಕ. ಹಾಸಿನ ಗಂಟು ಇದು, ಎತ್ತು ಎಳೆದ್ರೂ ಬಿಚ್ಚಲ್ಲ. ಬಾವು ಮ್ಯಾಲಕ್ಕೆ ಹತ್ತಬಾರ್ದು ಅಂತ. ಹತ್ತಿದ್ರೆ ತಾನೇ ಗಡ್ಡೆ ಆಗೋದು?"

ಕಾಂಪೌಂಡರ್ ನಾಗೇಂದ್ರಪ್ಪ ನಶ್ಯದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಬಂದರು. ಬಾಗಿಲಲ್ಲೇ ನಿಂತು ಒಂದು ಸಲ ನೋಡಿದರು. ಹತ್ತಿರ ಬಂದು ಇನ್ನೊಂದು ಸಲ ನೋಡಿದರು. ಆಮೇಲೆ ಕೂತೇಬಿಟ್ಟರು. ಅವರು ಕೂತದ್ದನ್ನು ಕಂಡು ಬಸವಲಿಂಗಮ್ಮನಿಗೆ ಉಸಿರು ಬಂತು.

"ಪ್ಲೇಗಲ್ಲ ಕಣಮ್ಮ. ಈ ಕಾಲಿನ ಕೆಂಪು ನೋಡು, ಪಾದದಿಂದ ಹೊರಟು ಮೇಲಕ್ಕೆ ಬಂದೈತೆ. ಗಡ್ಡೆ ಅದರ ಹಿಂದೆ ಬಂದಿದ್ದು. ಮೊದ್ಲು ಈ ಹುರಿ ಕತ್ತರಿಸು. ಕೆಳಗೆ ನೀರು ನಿಂತು ಕಾಲು ಕೆರೆ ಆಗೈತೆ, ಇವ್ರು ಕೋಡಿಗೆ ಕಲ್ಲು ಮುಚ್ಚವ್ರೆ."

ಈಳಿಗೆಮಣೆಯ ತುದಿಯಿಂದ ಹುರಿ ಕತ್ತರಿಸಬೇಕಾಯಿತು. ಗಂಟು ಬಿಚ್ಚಲಿಲ್ಲ.

"ಈ ಕಾಲಲ್ಲಿ ಇಬ್ಬರು ಸವತೇರು ಸಂಸಾರ ಮಾಡ್ತಾವ್ರೆ," ಅಂದರು ನಾಗೇಂದ್ರಪ್ಪ, ನಶ್ಯ ಏರಿಸಿ. "ಒಬ್ಬಾಕೆ ಬಾವು. ಹಳಬಳು, ಬಾಯಿ ಮಾಡಲ್ಲ, ಮನೆ ಬಿಟ್ಟು ಹೋಗೋದೂ ಇಲ್ಲ. ಇನ್ನೊಬ್ಬಾಕೆ ಈ ಕೆಂಪು ಜ್ವರ. ಬಂದಾಗೆಲ್ಲ ಮನೆಗೆ ಬೆಂಕಿ. ಹಳಬಳಿಗೆ ಕಟ್ಟು ಬೇಕು, ಬೆರಳಿಂದ ಮೇಲಕ್ಕೆ ಪಟ್ಟಿ ಸುತ್ತಬೇಕು. ಸಿಟ್ಟಿನೋಳು ಇರೋವಾಗ ಸುತ್ತಿದ್ರೆ ಕಾಲು ಕೆಡ್ತೈತೆ. ಅದಕ್ಕೆ ಮೊದ್ಲು ಇವಳನ್ನ ಕಳಿಸಬೇಕು, ಆಮ್ಯಾಲೆ ಅವಳಿಗೆ ಕಟ್ಟಬೇಕು. ಒಬ್ಬಳು ಇನ್ನೊಬ್ಬಳನ್ನ ಬೆಳೆಸ್ತಾಳೆ, ಅದೇ ಕಷ್ಟ. ಪ್ರತಿ ಜ್ವರಕ್ಕೂ ಬಾವು ಹೆಚ್ಚು, ಬಾವು ಹೆಚ್ಚಿದಷ್ಟೂ ಜ್ವರಕ್ಕೆ ದಾರಿ ಸಲೀಸು."

ಸೂರಮ್ಮ ನಡುಗುವ ಹಲ್ಲುಗಳ ನಡುವೆಯೇ, "ನನ್ನ ಗಂಡಂಗೆ ಒಬ್ಬಳನ್ನ ಸಾಕೋದೇ ಸಾಕಾಗಿತ್ತು, ಈ ಕಾಲು ನೋಡ್ರಿ ಇಬ್ಬರನ್ನ ಇಟ್ಕೊಂಡೈತೆ!" ಅಂದಳು.

"ಬದುಕ್ತಾಳೆ ಬಿಡು," ಅಂದರು ಕಾಂಪೌಂಡರ್.

ಕಾಲನ್ನು ಎದೆಗಿಂತ ಎತ್ತರಕ್ಕೆ ಇಡಲು ಹೇಳಿದರು. ಕಂಬಳಿ ಸುರುಳಿಗಳನ್ನು ಒಂದರ ಮೇಲೊಂದು ಪೇರಿಸಿ ದೊರೆಸಾನಿಯನ್ನು ಅದರ ಮೇಲೆ ಏರಿಸಿದರು. ನೇರಳೆ ಬಣ್ಣದ ಔಷಧದ ಪುಡಿ ಕದಡಿದ ನೀರಿನಿಂದ ತೊಳೆಯುವುದು, ಒದ್ದೆ ಬಟ್ಟೆ ಹಾಸುವುದು, ಉಜ್ಜಬಾರದು, ನೀವಬಾರದು, ಬರೆ ಗಿರೆ ಎಂದು ಯಾರಾದರೂ ಬಂದರೆ ಬಾಗಿಲು ಹಾಕುವುದು, ಗಂಜಿನೀರು ಮಜ್ಜಿಗೆ ಕುಡಿಸುತ್ತಲೇ ಇರುವುದು. ಹೊರಡುವಾಗ ಬಸವಲಿಂಗಮ್ಮ ತಡೆದು ನಿಲ್ಲಿಸಿದಳು.

"ಈ ಜ್ವರ ಒಳಗೆ ಬರೋದು ಎಲ್ಲಿಂದ?"

"ಎಲ್ಲೋ ಒಂದು ಬಾಗಿಲು ತೆಗೆದೈತೆ. ಗಾಯನೋ, ಮುಳ್ಳೋ, ಬಿರುಕೋ. ಮೊಣಕಾಲಿಂದ ಪಾದದವರೆಗೆ ನಂಗೇನೂ ಕಾಣಲಿಲ್ಲ. ಪಾದ ಎತ್ತಿ ತೋರಿಸು ಅಂದ್ರೆ ಆಯಮ್ಮ ಸೆರಗು ಮುಚ್ಚಿಬಿಟ್ಳು. ಹುಡುಕಮ್ಮ. ಬಾಗಿಲು ಸಿಗೋವರೆಗೂ ನೀನು ಎಷ್ಟು ಸಲ ಕಳ್ಸಿದ್ರೂ ಆಕೆ ತಿರುಗಿ ಬರ್ತಾಳೆ."

ಹೋಗುತ್ತ ಅವರು ಕೆಂಚಣ್ಣನಿಗೂ ಇದು ಪ್ಲೇಗಲ್ಲ ಎಂದು ಹೇಳಿ ಹೋದರು. ಕೆಂಚಣ್ಣ ತಲೆಯ ವಸ್ತ್ರ ತೆಗೆದು ಕೈಮುಗಿದ. "ಈ ಸಲ ಅಲ್ಲ ಅಂದ್ರಿ, ನಂಬಿದೆ. ಮುಂದಿನ ಸಲ ಗಡ್ಡೆ ಎದ್ದಾಗ ನೀವು ಊರಲ್ಲಿ ಇಲ್ದಿದ್ರೆ? ನಮ್ಮ ಮಕ್ಳಿಗೂ ಹಿಂಗೇ ಅಲ್ಲ ಅಲ್ಲ ಅಂತಾನೇ ಹೇಳಿದ್ರು ಸ್ವಾಮಿ." ಸೂರಮ್ಮ ಮುಂದಿನ ಹಾಸಿನ ನೂಲಿಗೆ ಗಂಜಿ ಹಚ್ಚಿ ನೋಡಲಿ, ಆಮೇಲೆ ಜ್ವರ ಬಂದರೆ ಗುಡಿಸಲು, ಎಂದು ಕೆಂಚಣ್ಣ ಕೊನೆಯ ಮಾತು ಹೇಳಿದ.

ಸಿಟ್ಟಿನ ಸವತಿ ಮೆಲ್ಲಗೆ ಮನೆ ಬಿಟ್ಟಳು. ಕೆಂಪು ಇಳಿಯಿತು, ಗಡ್ಡೆ ಕರಗಿತು, ಚರ್ಮ ಹಳೆಯ ಗೋಡೆಯ ಸುಣ್ಣದಂತೆ ಸುಲಿಯಿತು. ಬಾವು ಮಾತ್ರ ಮುಂಚಿಗಿಂತ ಒಂದು ಕೈ ಹೆಚ್ಚೇ ಉಳಿಯಿತು. ಈಗ ಪಟ್ಟಿ ಬೇಕು. ಹಳೆ ಸೀರೆ ಹರಿದು ಸುತ್ತಿ ನೋಡಿದರು, ನಡೆಯುವಷ್ಟರಲ್ಲಿ ಜಾರಿ ಕಾಲ್ಕಡಗದಂತೆ ಬೀಳುತ್ತಿತ್ತು. ಉಣ್ಣೆಯ ಪಟ್ಟಿಯಾದರೆ ಹಿಗ್ಗಿ ಹಿಡಿಯುತ್ತದೆ ಎಂದು ಬಸವಲಿಂಗಮ್ಮ ಬೇಲಿಯ ಹತ್ತಿರ ನಿಂತು ಕೆಂಚಣ್ಣನನ್ನೇ ಕೇಳಿದಳು.

"ನಮ್ಮಪ್ಪ ಕಂಬಳಿ ನೇಯೋದು ಕಲಿಸಿದ ತಾಯಿ, ಕಾಲಿಗೆ ಅಂಗಿ ನೇಯೋದು ಕಲಿಸ್ಲಿಲ್ಲ," ಎಂದು ಗೊಣಗಿದ.

"ಭಾವ ನೇಯ್ದರೆ ದೊರೆಸಾನಿ ಉಟ್ಕೊಳ್ಳಲ್ಲ ಅಂತಾಳಾ?" ಅಂದಳು ಕರಿಯಕ್ಕ ಪಕ್ಕದಿಂದ. "ಒಂದು ಅಂಚೂ ಹಾಕು, ಸೆರಗೂ ಬಿಡು!"

ಬಾಯಲ್ಲಿ ಗೊಣಗಿದರೂ ಕೆಂಚಣ್ಣ ಮೊದಲ ಸಲ ಕತ್ತರಿಸಿದ ಮರಿಕುರಿಯ ಮೆತ್ತನೆ ಉಣ್ಣೆಯನ್ನೇ ಆರಿಸಿದ್ದ. ಅಂಗೈಯಗಲದ ಉದ್ದ ಪಟ್ಟಿ. ಗಂಜಿ ಹಚ್ಚದೆ ನೇಯಲಾಗದು, ಗಂಜಿ ಇದ್ದರೆ ಕಾಲಿಗೆ ಚುಚ್ಚುತ್ತದೆ. "ಒಗೆದು ಒಗೆದು ಹುಣಸೆಬೀಜದ ವಾಸ್ನೆ ಹೋಗೋವರೆಗೂ ನೀರಿಗೆ ಹಾಕು," ಎಂದು ಬೇಲಿಯ ಮೇಲಿಂದ ಎಸೆದು ಹೋದ.

ಬಸವಲಿಂಗಮ್ಮ ಪಟ್ಟಿಯನ್ನು ಬಿಸಿನೀರಿನಲ್ಲಿ ಕಿವುಚಿ, ಉದ್ದವಾದದ್ದರಿಂದ ನಾಲ್ಕು ಮಡಿಕೆ ಮಾಡಿ ಬೇಲಿಗೆ ಹಾಕಿದಳು. ಮೂರನೇ ದಿನ ಬಿಸಿಲು ಇಳಿಯುವ ಹೊತ್ತಿಗೆ ತೆಗೆಯಲು ಹೋದರೆ ಹೊರಗಿನ ಮಗ್ಗುಲು ಗರಿಗರಿ ಒಣಗಿತ್ತು. ಉಳಿದಿದ್ದ ಗಂಜಿ ಕೊಡವಿದರೆ ಉದುರುತ್ತಿತ್ತು. ಮಡಿಕೆಯ ಒಳಗೆ ಕೈ ಹಾಕಿದಳು, ಬೆರಳಿಗೆ ಲೋಳೆ ಹತ್ತಿತು. ಮೂಸಿದಳು. ಹುಳಿ ಹುಳಿ, ಕೆಟ್ಟ ವಾಸನೆ. ಉಗುರಿನಿಂದ ಎಳೆದರೆ ಅಲ್ಲಿನ ಎಳೆ ಬೆಂದ ಶಾವಿಗೆಯಂತೆ ಕಿತ್ತು ಬಂತು.

ಅವಳು ಪಟ್ಟಿ ಹಿಡಿದು ಅಲ್ಲೇ ನಿಂತಳು.

"ಪೂರ್ಣೀ, ಬಾ ಇಲ್ಲಿ. ಕಾಲು ತೋರ್ಸು."

ಪೂರ್ಣಿ ದಿನವಿಡೀ ಬಯಲಲ್ಲಿ ಗಂಜಿ ತುಳಿದು ಆಡಿ ಬಂದಿದ್ದಳು. ಹಾಸಿನ ಹತ್ತಿರ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಹಾಸು ಅವರಿಗೆ ದೇವರ ಸಮಾನ. ಗಂಜಿ ಹಚ್ಚುವವರು ಬರಿಗಾಲಲ್ಲೇ ಆ ತೊಟ್ಟಿಕ್ಕಿದ ರಾಡಿಯಲ್ಲಿ ಹಿಂದೆ ಮುಂದೆ ಓಡಾಡಬೇಕು. ಮಗಳ ಪಾದದ ಮೇಲೆ ಗಂಜಿ ಒಣಗಿ ಚಕ್ಕೆಯಾಗಿತ್ತು, ಒಂದು ಬೆರಳಿಂದ ಇನ್ನೊಂದು ಬೆರಳು ಬಿಡಿಸಿದರೆ ಪುಡಿ ಉದುರಿತು. ಬಿಡಿ ಬೆರಳು, ಗಾಳಿ ಆಡುವ ಬೆರಳು. ಕೂಲಿಯವಳ ಬೆರಳೂ ಹೀಗೇ. ದೊರೆಸಾನಿಯ ಬೆರಳು? ಅವು ಮಡಿಸಿಟ್ಟ ಪಟ್ಟಿ.

"ಕಚಗುಳಿ ಅವ್ವಾ!" ಎಂದು ಪೂರ್ಣಿ ಕಾಲು ಕಿತ್ತುಕೊಂಡಳು.

ಬಸವಲಿಂಗಮ್ಮ ಹಾಗೇ ಬೇಲಿ ದಾಟಿ ಹೋದಳು. ಸೂರಮ್ಮ ಬಯಲಿನ ಅಂಚಿನಲ್ಲಿ ಒಬ್ಬಳೇ ಉಣ್ಣೆ ಬಿಡಿಸುತ್ತಿದ್ದಳು.

"ಸೂರಮ್ಮಾ, ನಿನ್ನ ಎಡಗಾಲ ಬೆರಳ ಸಂದಿ ನೀನು ಯಾವಾಗ ನೋಡಿದ್ದೆ?"

"ಏಮಮ್ಮಾ, ಇದ್ಯಾವ ಮಾತು? ನನ್ನ ಬೆನ್ನು ಯಾವಾಗ ನೋಡಿದ್ದೆ ಅಂದಂಗಾಯ್ತು," ಎಂದು ನಕ್ಕಳು ಸೂರಮ್ಮ. "ಮೊಣಕಾಲು ಮಡಚಲ್ಲ, ನಡು ಬಗ್ಗಲ್ಲ. ಚೊಂಬಲ್ಲಿ ನೀರು ಹುಯ್ಕೊಂಡ್ರೆ ಅದೇ ಸ್ನಾನ."

ಬಸವಲಿಂಗಮ್ಮ ಪಟ್ಟಿಯ ಮಡಿಕೆ ಬಿಚ್ಚಿ ತೋರಿಸಿದಳು. ಜೀವಮಾನವೆಲ್ಲ ಗಂಜಿ ಹಚ್ಚಿದವಳಿಗೆ ಒಣಗದ ಗಂಜಿ ಎಳೆಯನ್ನು ಏನು ಮಾಡುತ್ತದೆಂದು ಬೇರೆಯವರು ಹೇಳಬೇಕೆ? ಸೂರಮ್ಮ ಆ ಲೋಳೆಯನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿದಳು. ಅವಳ ನಗು ಎಲ್ಲೋ ಹೋಯಿತು.

"ಇಷ್ಟೇನಾ?" ಅಂದಳು. "ಯಲ್ಲಮ್ಮಂಗೆ ಹರಕೆ ಹೊತ್ತೆ, ಹೊಟ್ಟೆ ಕಟ್ಟಿದೆ, ಹುರಿ ಕಟ್ಟಿಸ್ಕೊಂಡೆ. ಹಾಸಿನ ಗಂಜಿ ಒಣಗೈತಾ ಅಂತ ದಿನಾ ನೋಡಿದೆ, ನನ್ನ ಕಾಲಿಂದು ನೋಡ್ಲಿಲ್ವಲ್ಲೇ."

"ಈಗ ನಾನು ನೋಡ್ತೀನಿ. ಕಾಲು ಕೊಡು."

ಸೂರಮ್ಮ ಸೆರಗು ಎಳೆದು ಪಾದ ಮುಚ್ಚಿದಳು. "ಬ್ಯಾಡ."

"ಯಾಕೆ?"

"ಮೇಷ್ಟ್ರ ಹೆಂಡ್ತಿ ಕುರುಬರ ಮುದುಕಿ ಕಾಲ ಸಂದಿ ಕೆದಕ್ತಾ ಕೂತಿದ್ಲು ಅಂತ ಊರು ನಗಬೇಕಾ?"

"ನಗಲಿ. ಮಕ್ಕಳ ಕುಂಡೆ ತೊಳೆಯೋ ಕೈ ಇದು. ಇದಕ್ಯಾವ ಮಾನ?"

"ಬ್ಯಾಡ ಅಂದ್ನೆಲ್ಲಾ." ಸೂರಮ್ಮನ ದನಿ ಗಡುಸಾಯಿತು. ಆಮೇಲೆ ಎಳೆ ಉಣ್ಣೆಯೊಂದನ್ನು ಬೆರಳಲ್ಲಿ ಸುತ್ತುತ್ತ ಮೆಲ್ಲಗೆ, "ವಾಸ್ನೆ ಬರ್ತೈತೆ ಮೇಷ್ಟ್ರಮ್ಮ," ಅಂದಳು. "ನಂಗೆ ಗೊತ್ತಿಲ್ಲ ಅಂದ್ಕಂಡ್ರಾ? ನಾಲ್ಕು ಜನ ಕೂತಲ್ಲಿ ನಾನು ಗಾಳಿ ನೋಡಿ ಕೂರ್ತೀನಿ. ಗಾಳಿ ಅವ್ರ ಕಡೆಯಿಂದ ನನ್ನ ಕಡೆ ಬೀಸಬೇಕು. ಇಲ್ದಿದ್ರೆ ಕರಿಯಕ್ಕ ಮೂಗಿಗೆ ಸೆರಗು ಇಡ್ತಾಳೆ. ಕಾಣ್ದಂಗೆ ಇಡ್ತಾಳೆ, ಪಾಪ. ಅದು ಇನ್ನೂ ನೋವು."

ಗಾಳಿಗೆ ಬಿಡುವ ಆ ಎಳೆ ಉಣ್ಣೆಯ ಅರ್ಥ ಬಸವಲಿಂಗಮ್ಮನಿಗೆ ಆಗ ತಿಳಿಯಿತು. ಆಮೇಲೆ ಪಟ್ಟಿಯನ್ನು ಮತ್ತೆ ಒಗೆಯಬೇಕು ಎಂದು ಎದ್ದು ಬಂದಳು. ಈ ಸಲ ಮಡಿಸದೆ, ಬೇಲಿಯ ಉದ್ದಕ್ಕೂ ಹರವಿ ಒಣಗಿಸಿದಳು.

ಸೂರಮ್ಮ ತಾನೇ ಏನೇನೋ ಮಾಡಿ ನೋಡಿದಳು. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಸಂದಿಗೆ ಹಾಕಲು ಹೋದಳು, ಕಡ್ಡಿ ಚುಚ್ಚುತ್ತದೆಂದು ಬಸವಲಿಂಗಮ್ಮ ಕಿತ್ತೆಸೆದಳು. ಪಾದವನ್ನು ಬಿಸಿಲಿಗೆ ಒಡ್ಡಿ ಗಂಟೆಗಟ್ಟಲೆ ಕೂತಳು, ಬಿಸಿಲು ಮೇಲೆ ಮೇಲೆಯೇ ನಿಂತಿತು. ಪಟ್ಟಿ ಸುತ್ತಲು ಮಾತ್ರ ಒಪ್ಪಿದಳು, ಅದೂ ಬೆರಳುಗಳ ಮೇಲೆ ಸೀರೆ ಚೂರು ಮುಚ್ಚಿಕೊಂಡು, ಮುಖ ಆ ಕಡೆ ತಿರುಗಿಸಿ. ಪಾದದ ಹತ್ತಿರ ಬಿಗಿ, ಮೇಲೆ ಹೋದಂತೆ ಸಡಿಲ. ಕಾಲು ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. "ದೊರೆಸಾನಿ ಬಡವಾಗ್ತಾವ್ಳೆ," ಎಂದು ಪೂರ್ಣಿ ಬಯಲೆಲ್ಲ ಸಾರಿ ಬಂದಳು.

ಹಾಸು ಕಟ್ಟುವ ದಿನ ಬಂತು. ಬಸವಲಿಂಗಮ್ಮ ಬೆಳಗಿನಿಂದ ಬೇಲಿಯ ಹತ್ತಿರವೇ ಏನಾದರೊಂದು ಕೆಲಸ ಹುಡುಕಿಕೊಂಡಳು. ಕೆಂಚಣ್ಣ ಹಾಸಿನ ಆ ತುದಿಯಲ್ಲಿ ಕೈಕಟ್ಟಿ ನಿಂತಿದ್ದ. ಕರಿಯಕ್ಕ ಗಂಜಿಯ ಮಡಕೆ ಹಿಡಿದಿದ್ದಳು, ಕಣ್ಣು ಕುಂಚದ ಮೇಲೆ. ಸೂರಮ್ಮ ಪಟ್ಟಿ ಬಿಚ್ಚಿ ಇಟ್ಟು ಬರಿಗಾಲಲ್ಲಿ ಹಾಸಿನ ಮುಂದೆ ಕೈಮುಗಿದು ಕುಂಚ ಅದ್ದಿದಳು. ಬೇರೆ ಸಲ ಅವಳು ಕೆಲಸದ ನಡುವೆ ಹಾಡುತ್ತಿದ್ದಳು, ಕರಿಯಕ್ಕನನ್ನು ಛೇಡಿಸುತ್ತಿದ್ದಳು. ಅವತ್ತು ಬಾಯಿ ಬಿಡಲಿಲ್ಲ. ಪ್ರತಿ ಎಳೆಗೂ ಗಂಜಿ ಕೂರಿಸುತ್ತ, ರಾಡಿಯಲ್ಲಿ ಕಾಲೆಳೆದುಕೊಂಡು ಹೋಗಿ ಬಂದು ಮಾಡಿದಳು. ಹೊತ್ತು ವಾಲುವಾಗ ಕೆಂಚಣ್ಣ ಹಾಸಿನ ಮೇಲೆ ಅಂಗೈ ಆಡಿಸಿ, "ಕೆಲಸ ಚೊಲೊ ಐತೆ. ಇನ್ನು ಮೈ ಹೆಂಗಿರ್ತೈತೆ ನೋಡಾನ," ಅಂದ.

ಸಂಜೆ ದೀಪಕ್ಕೆ ಎಣ್ಣೆ ಹಾಕುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಸೂರಮ್ಮ. ಮಂಡಿಯವರೆಗೂ ಗಂಜಿ. ಕೂಲಿಯವಳ ಮೇಲಿನ ಗಂಜಿ ಆಗಲೇ ಒಣಗಿ ಬಿರುಕು ಬಿಟ್ಟಿತ್ತು, ದೊರೆಸಾನಿಯ ಬೆರಳ ಸಂದಿಯಲ್ಲಿ ಇನ್ನೂ ಹಸಿ. ಅವಳು ಉಣ್ಣೆಯ ಎಳೆ ತೆಗೆಯಲಿಲ್ಲ, ಗಾಳಿ ಯಾವ ಕಡೆ ಎಂದು ನೋಡಲಿಲ್ಲ. ಬಸವಲಿಂಗಮ್ಮ ಕೂತ ಕಟ್ಟೆಯ ಮೇಲೆ, ಅವಳ ಪಕ್ಕದಲ್ಲೇ, ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಕೂತಳು. ಆಮೇಲೆ ಸೂರಮ್ಮ ಎರಡೂ ಕೈಯಿಂದ ದೊರೆಸಾನಿಯನ್ನು ಎತ್ತಿ ಬಸವಲಿಂಗಮ್ಮನ ಮಡಿಲ ಹತ್ತಿರ ಇಟ್ಟಳು.

"ಮೇಷ್ಟ್ರಮ್ಮ," ಅಂದಳು, "ನನ್ನ ಕೈ ಅಲ್ಲೀಗಂಟ ನಿಲುಕಲ್ಲ. ಗಂಜಿ ಹಚ್ಚಿದಾಗೆಲ್ಲ ಬರ್ತೀನಿ. ಒಂದೊಂದೇ ಬೆರಳು ಬಿಡಿಸಿ, ತೊಳೆದು, ಒಣಗಿಸಿ ಕೊಡ್ತೀರಾ?"